ಸ್ಕೀಮ್ ಬರೆಯುವವರ ಎಡಿಟರ್: ಹಳೆಯ ಕೋಡ್ ಕೆಡುವುದೇಕೆ, ರಿಪೇರಿ ಹೇಗೆ?

ಸ್ಕೀಮ್ ಭಾಷೆಯ ಪ್ರೋಗ್ರಾಮನ್ನು ಮೊದಲ ಸಲ ನೋಡಿದವರ ಕಣ್ಣಿಗೆ ಬೀಳುವುದು ಆವರಣ ಚಿಹ್ನೆಗಳ ಸಾಲು. ಒಂದು ಸಂಖ್ಯೆಯ ವರ್ಗ ಕಂಡುಹಿಡಿಯುವ ಪುಟ್ಟ ಫಂಕ್ಷನ್‌ಗೂ ಮೂರು ಜೋಡಿ ಬೇಕು: (ಡಿಫೈನ್ (ವರ್ಗ ಸಂ) (* ಸಂ ಸಂ)). ಇದರಲ್ಲಿ ‘ಡಿಫೈನ್’ ಅನ್ನು ಇಂಗ್ಲಿಷ್ ಲಿಪಿಯಲ್ಲೇ ಟೈಪ್ ಮಾಡಬೇಕು. ‘ವರ್ಗ’, ‘ಸಂ’ ಎಂಬ ಹೆಸರುಗಳು ಮಾತ್ರ ಕನ್ನಡದಲ್ಲೇ ಇರಬಹುದು. 2007ರಲ್ಲಿ ಬಂದ ಸ್ಕೀಮ್‌ನ ಆರ್6ಆರ್‌ಎಸ್ ಮಾನದಂಡ ಯೂನಿಕೋಡ್ ಹೆಸರುಗಳನ್ನು ಒಪ್ಪಿಕೊಂಡಿದೆ.

ಪ್ರೋಗ್ರಾಂ ನೂರು ಸಾಲು ದಾಟಿತೆಂದರೆ ಯಾವ ಆವರಣ ಎಲ್ಲಿ ಮುಚ್ಚಿತು ಎಂದು ಕಣ್ಣಳತೆಯಲ್ಲಿ ಹೇಳಲಾಗುವುದಿಲ್ಲ. ಜೋಡಿ ತೋರಿಸುವುದು, ಸಾಲನ್ನು ಸರಿಯಾದ ಅಂತರಕ್ಕೆ ಸರಿಸುವುದು (ಇಂಡೆಂಟ್), ಬಣ್ಣ ಹಚ್ಚುವುದು, ಬರೆದ ತುಣುಕನ್ನು ಆಗಲೇ ಓಡಿಸಿ ಉತ್ತರ ತೋರಿಸುವುದು ಎಲ್ಲವೂ ಎಡಿಟರ್‌ಗೆ ಸೇರಿಸಿದ ವಿಸ್ತರಣೆಯ ಕೆಲಸ. ಅದು ಕೆಟ್ಟರೆ ಸ್ಕೀಮ್ ಕಲಿಯುವ ಉತ್ಸಾಹವೂ ಕುಂದುತ್ತದೆ.

ಸ್ಕೀಮ್ ಹುಟ್ಟಿದ್ದು 1975ರಲ್ಲಿ, ಅಮೆರಿಕದ ಎಂಐಟಿಯ ಕೃತಕ ಬುದ್ಧಿಮತ್ತೆ ಪ್ರಯೋಗಾಲಯದಲ್ಲಿ. ಗೈ ಸ್ಟೀಲ್ ಮತ್ತು ಜೆರಾಲ್ಡ್ ಸಸ್‌ಮನ್ ಅದರ ಜನಕರು. ಮರುವರ್ಷ ಅದೇ ಪ್ರಯೋಗಾಲಯದಲ್ಲಿ ಎಮ್ಯಾಕ್ಸ್ ಎಡಿಟರ್ ರೂಪುಗೊಂಡಿತು. ಇವತ್ತು ಬಳಕೆಯಲ್ಲಿರುವ ಗ್ನೂ ಎಮ್ಯಾಕ್ಸನ್ನು ರಿಚರ್ಡ್ ಸ್ಟಾಲ್‌ಮನ್ 1985ರಲ್ಲಿ ಬಿಡುಗಡೆ ಮಾಡಿದರು. ಅದರ ವಿಸ್ತರಣೆಗಳನ್ನು ಬರೆಯುವ ಭಾಷೆ ಎಮ್ಯಾಕ್ಸ್ ಲಿಸ್ಪ್, ಅಂದರೆ ಎಲಿಸ್ಪ್. ಎಲಿಸ್ಪ್ ಮತ್ತು ಸ್ಕೀಮ್ ಎರಡಕ್ಕೂ ಮೂಲ ಜಾನ್ ಮೆಕಾರ್ಥಿ 1958ರಲ್ಲಿ ಶುರುಮಾಡಿದ ಲಿಸ್ಪ್.

ಇಷ್ಟು ಹತ್ತಿರದ ನಂಟಿದ್ದರೂ ಸ್ಕೀಮ್‌ಗಾಗಿ ಬರೆದ ಎಲಿಸ್ಪ್ ವಿಸ್ತರಣೆಗಳು ಕಾಲ ಕಳೆದಂತೆ ಕೈಕೊಡುತ್ತವೆ. ಕಡತದಲ್ಲಿ ಒಂದಕ್ಷರವೂ ಬದಲಾಗಿರುವುದಿಲ್ಲ. ಬದಲಾಗಿರುವುದು ಸುತ್ತಲಿನ ಲೋಕ. ಬರೆದವರು ಬರೆಯುವಾಗ ನಂಬಿಕೊಂಡಿದ್ದ, ಆದರೆ ಎಲ್ಲಿಯೂ ಬರೆದಿಡದ ಊಹೆಗಳು ಒಂದೊಂದಾಗಿ ಸುಳ್ಳಾಗುತ್ತವೆ. ಆ ಊಹೆಗಳನ್ನು ಹುಡುಕಿ ಬಯಲಿಗೆ ತರುವುದೇ ನಿರ್ವಹಣೆಯ ಮುಖ್ಯ ಕೆಲಸ.

ಮೊದಲ ಊಹೆ, ಹೆಸರುಗಳೆಲ್ಲ ಇಂಗ್ಲಿಷ್ ಅಕ್ಷರಗಳಲ್ಲೇ ಇರುತ್ತವೆ ಎಂಬುದು. ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ಸ್ಕೀಮ್‌ನಲ್ಲಿ ‘ಲೆಟ್’ ಎಂಬ ಪದಕ್ಕೆ ಎರಡು ರೂಪಗಳಿವೆ. ಸಾಮಾನ್ಯ ರೂಪದಲ್ಲಿ ಅದರ ಬೆನ್ನಿಗೇ ವೇರಿಯಬಲ್‌ಗಳ ಪಟ್ಟಿ ಬರುತ್ತದೆ, ಆಮೇಲೆ ಒಡಲು. ಇನ್ನೊಂದು ರೂಪದಲ್ಲಿ ಪಟ್ಟಿಗಿಂತ ಮುಂಚೆ ಒಂದು ಹೆಸರಿರುತ್ತದೆ. ಅದೇ ಹೆಸರನ್ನು ಮತ್ತೆ ಕರೆದು ಲೂಪ್ ನಡೆಸುತ್ತಾರೆ. ಒಡಲಿನ ಸಾಲು ಎಷ್ಟು ಒಳಗೆ ನಿಲ್ಲಬೇಕು ಎಂದು ತೀರ್ಮಾನಿಸಲು ಎಡಿಟರ್ ‘ಲೆಟ್’ ಆದ ಮೇಲಿನ ಮೊದಲ ಅಕ್ಷರ ನೋಡುತ್ತದೆ. ಆವರಣ ಕಂಡರೆ ಮೊದಲ ರೂಪ, ಹೆಸರು ಕಂಡರೆ ಎರಡನೆಯದು. ಎಮ್ಯಾಕ್ಸ್ ಜೊತೆಗೇ ಬರುವ ಸ್ಕೀಮ್ ಮೋಡ್ ಎಂಬ ವಿಸ್ತರಣೆಯಲ್ಲಿ ಈ ಪರೀಕ್ಷೆಯನ್ನು ಇಂಗ್ಲಿಷ್ ಅಕ್ಷರಗಳು, ಅಂಕಿಗಳು ಮತ್ತು ಕೆಲವು ಚಿಹ್ನೆಗಳ ಪಟ್ಟಿಯಾಗಿ ಬರೆಯಲಾಗಿತ್ತು. ಲೂಪ್‌ಗೆ ಯಾರಾದರೂ ‘ಸುತ್ತು’ ಎಂದು ಕನ್ನಡದಲ್ಲಿ ಹೆಸರಿಟ್ಟರೆ ‘ಸು’ ಆ ಪಟ್ಟಿಯಲ್ಲಿಲ್ಲ. ಪ್ರೋಗ್ರಾಂ ಸರಿಯಾಗಿಯೇ ಓಡುತ್ತದೆ, ಆದರೆ ಎಡಿಟರ್ ಒಡಲನ್ನು ತಪ್ಪು ಜಾಗದಲ್ಲಿ ನಿಲ್ಲಿಸುತ್ತದೆ.

ಇಂಥಲ್ಲಿ ಕನ್ನಡ ಅಕ್ಷರಗಳನ್ನೂ ಪಟ್ಟಿಗೆ ಸೇರಿಸಿ ಕೈತೊಳೆದುಕೊಂಡರೆ ನಾಳೆ ತಮಿಳು ಬರೆಯುವವರಿಗೆ ಅದೇ ತೊಂದರೆ. ಯಾವ ಅಕ್ಷರ ಪದದ ಭಾಗ, ಯಾವುದು ವಿರಾಮ ಚಿಹ್ನೆ, ಯಾವುದು ಆವರಣ ಎಂಬ ಕೋಷ್ಟಕ ಎಮ್ಯಾಕ್ಸ್‌ನಲ್ಲೇ ಇದೆ. ಪಟ್ಟಿ ತೆಗೆದುಹಾಕಿ ಆ ಕೋಷ್ಟಕವನ್ನು ಕೇಳುವಂತೆ ಮಾಡಿದರೆ ಎಲ್ಲ ಲಿಪಿಗಳಿಗೂ ಒಮ್ಮೆಲೇ ನ್ಯಾಯ ಸಿಗುತ್ತದೆ.

ಎರಡನೆಯ ಊಹೆ ಇನ್ನೂ ಆಳದ್ದು. ಒಂದು ಫಂಕ್ಷನ್ ತನ್ನ ಕೆಲಸಕ್ಕೆಂದು ಇಟ್ಟುಕೊಂಡ ವೇರಿಯಬಲ್, ಅದು ಕರೆದ ಇನ್ನೊಂದು ಫಂಕ್ಷನ್‌ಗೂ ಕಾಣಬೇಕೇ? ಕಾಣುವುದಾದರೆ ಅದು ಡೈನಾಮಿಕ್ ವ್ಯಾಪ್ತಿ. ಕಾಣದೆ, ಹೆಸರು ಬರೆದ ಜಾಗಕ್ಕಷ್ಟೇ ಸೀಮಿತವಾದರೆ ಲೆಕ್ಸಿಕಲ್ ವ್ಯಾಪ್ತಿ. ಲಿಸ್ಪ್ ಕುಟುಂಬದಲ್ಲಿ ಲೆಕ್ಸಿಕಲ್ ವ್ಯಾಪ್ತಿಯನ್ನು ಬೇರೂರಿಸಿದ್ದು ಸ್ಕೀಮ್. ಎಲಿಸ್ಪ್‌ಗೆ ಅದು ಬಂದದ್ದು 2012ರಲ್ಲಿ, ಎಮ್ಯಾಕ್ಸ್ 24.1 ಆವೃತ್ತಿಯೊಂದಿಗೆ. ಕಡತದ ಮೊದಲ ಸಾಲಿನಲ್ಲಿ ಸೂಚನೆ ಬರೆದರೆ ಅದು ಜಾರಿಗೆ ಬರುತ್ತದೆ.

ಸೂಚನೆ ಬರೆಯಲು ಒಂದು ಸಾಲು ಸಾಕು, ಪರಿಣಾಮ ಮಾತ್ರ ಇಡೀ ಕಡತದ ಮೇಲೆ. ಸ್ಕೀಮ್ ಮೋಡ್‌ನ ಇಂಡೆಂಟ್ ಫಂಕ್ಷನ್‌ಗೆ ಹಿಂದಿನ ಅಭಿವ್ಯಕ್ತಿ ಎಲ್ಲಿ ಶುರುವಾಯಿತು ಎಂಬ ಸ್ಥಾನ ಬೇಕು. ಲಿಸ್ಪ್ ಮೋಡ್‌ನ ಫಂಕ್ಷನ್ ಅದನ್ನು ಒಂದು ವೇರಿಯಬಲ್‌ನಲ್ಲಿಟ್ಟು ಈ ಇಂಡೆಂಟ್ ಫಂಕ್ಷನನ್ನು ಕರೆಯುತ್ತದೆ. ಇದು ಡೈನಾಮಿಕ್ ವ್ಯಾಪ್ತಿಯನ್ನೇ ನೆಚ್ಚಿದ ಏರ್ಪಾಡು. ಆ ಹೆಸರು ವಿಶೇಷವಾದದ್ದು, ಡೈನಾಮಿಕ್ ಆಗಿಯೇ ಉಳಿಯಬೇಕು ಎಂದು ಮೊದಲೇ ಘೋಷಿಸದೆ ಲೆಕ್ಸಿಕಲ್‌ಗೆ ಹೊರಳಿದರೆ ಕರೆಸಿಕೊಂಡ ಫಂಕ್ಷನ್‌ಗೆ ಬೆಲೆಯೇ ಸಿಗುವುದಿಲ್ಲ. ಆದ್ದರಿಂದಲೇ ಕಂಪೈಲರ್ ‘ಈ ವೇರಿಯಬಲ್ ಬಳಕೆಯಾಗಿಲ್ಲ’ ಎಂದು ಎಚ್ಚರಿಸಿದ ಕೂಡಲೇ ಅದನ್ನು ಅಳಿಸಬಾರದು. ಬೇರೆ ಕಡತದಲ್ಲಿ ಯಾರೋ ಅದನ್ನು ಓದುತ್ತಿರಬಹುದು.

ಮೂರನೆಯ ಊಹೆ ಹೆಸರುಗಳದ್ದು: ಇವತ್ತು ಕರೆಯುವ ಹೆಸರು ನಾಳೆಯೂ ಹಾಗೇ ಇರುತ್ತದೆ ಎಂಬುದು. ಎಲಿಸ್ಪ್‌ನಲ್ಲಿ ಪ್ರತಿ ಪ್ಯಾಕೇಜಿಗೂ ಬೇರೆ ಬೇರೆ ಹೆಸರಿನ ಕಣಜವಿಲ್ಲ, ಎಲ್ಲ ಹೆಸರುಗಳೂ ಒಂದೇ ಕಡೆ ಸೇರುತ್ತವೆ. ಹಾಗಾಗಿ ಪ್ರತಿ ಹೆಸರಿಗೂ ಪ್ಯಾಕೇಜಿನ ಪೂರ್ವಪದ ಅಂಟಿಸುವುದು ರೂಢಿ. ‘ಸಿಎಲ್’ ಎಂಬ ಹಳೆಯ ಗ್ರಂಥಾಲಯ ಈ ರೂಢಿ ಪಾಲಿಸಿರಲಿಲ್ಲ. ಪೂರ್ವಪದವಿರುವ ‘ಸಿಎಲ್-ಲಿಬ್’ 2013ರಲ್ಲಿ ಬಂತು, 2020ರ ಎಮ್ಯಾಕ್ಸ್ 27.1ರಲ್ಲಿ ಹಳೆಯದನ್ನು ಬಳಸಬೇಡಿ ಎಂದು ಅಧಿಕೃತವಾಗಿ ಘೋಷಿಸಲಾಯಿತು.

ಕೊನೆಯದು, ಸ್ಕೀಮ್ ಎಂದರೆ ಒಂದೇ ಎಂಬ ಊಹೆ. ಗೈಲ್, ಚಿಕನ್, ಚೇಜ್, ಎಂಐಟಿ ಸ್ಕೀಮ್, ಗ್ಯಾಂಬಿಟ್ ಹೀಗೆ ಹಲವು ಅನುಷ್ಠಾನಗಳಿದ್ದು, ಮಾಡ್ಯೂಲ್ ಬರೆಯುವ ಕ್ರಮ ಎಲ್ಲದರಲ್ಲೂ ಒಂದೇ ಅಲ್ಲ. ಗೈಸರ್ ಎಂಬ ಜನಪ್ರಿಯ ವಿಸ್ತರಣೆ ಓಡುತ್ತಿರುವ ಸ್ಕೀಮ್ ಪ್ರಕ್ರಿಯೆಯೊಂದಿಗೇ ಮಾತಾಡಿ, ಫಂಕ್ಷನ್‌ಗೆ ಏನೇನು ಕೊಡಬೇಕು, ಅದನ್ನು ಎಲ್ಲಿ ಬರೆದಿದ್ದಾರೆ ಎಂದು ತಿಳಿಸುತ್ತದೆ. ಮೊದಲು ಎಲ್ಲ ಅನುಷ್ಠಾನಗಳ ಕೋಡ್ ಒಂದೇ ಪ್ಯಾಕೇಜಿನಲ್ಲಿತ್ತು. ಆಮೇಲೆ ಸಾಮಾನ್ಯ ಭಾಗವನ್ನು ಉಳಿಸಿಕೊಂಡು ಒಂದೊಂದು ಸ್ಕೀಮ್‌ಗೂ ಪ್ರತ್ಯೇಕ ಪ್ಯಾಕೇಜ್ ಮಾಡಿದರು. ಗೈಲ್ ಬಲ್ಲವರು ಗೈಲ್ ಭಾಗವನ್ನು ನೋಡಿಕೊಂಡರೆ ಸಾಕು, ಉಳಿದದ್ದಕ್ಕೆ ಕೈಹಾಕಬೇಕಿಲ್ಲ.

ಈ ಕೆಲಸಕ್ಕೆ ಇಳಿಯುವವರು ಕ್ರಮ ತಪ್ಪಬಾರದು. ಈಗ ಎಡಿಟರ್ ಹೇಗೆ ವರ್ತಿಸುತ್ತಿದೆ ಎಂಬುದನ್ನು ಮೊದಲು ಪರೀಕ್ಷೆಗಳಾಗಿ ಬರೆದಿಡಬೇಕು. ಎಮ್ಯಾಕ್ಸ್‌ನಲ್ಲಿ ಅದಕ್ಕೆಂದೇ ಇಆರ್‌ಟಿ ಎಂಬ ಸಲಕರಣೆ ಇದೆ. ಎಚ್ಚರಿಕೆಗಳನ್ನು ಒಂದೊಂದಾಗಿ ಬಿಡಿಸಬೇಕು, ಒಂದು ಬದಲಾವಣೆಯೊಂದಿಗೆ ಇನ್ನೊಂದನ್ನು ಬೆರೆಸಬಾರದು. ಇಂಡೆಂಟ್ ನಿಯಮಗಳ ವಿಷಯದಲ್ಲಂತೂ ದುಪ್ಪಟ್ಟು ಎಚ್ಚರ ಬೇಕು. ಅಲ್ಲಿ ಒಂದು ಸಂಖ್ಯೆ ಬದಲಾದರೆ ಬಳಕೆದಾರರ ಕಡತಗಳಲ್ಲಿ ನೂರಾರು ಸಾಲುಗಳು ಕಾರಣವಿಲ್ಲದೆ ಸರಿದಾಡುತ್ತವೆ.

ಹೊಸ ತಂತ್ರಾಂಶ ಕಟ್ಟುವವರಿಗೆ ಸಿಗುವ ಹೆಸರು ಹಳೆಯದನ್ನು ಕಾಪಾಡುವವರಿಗೆ ಸಿಗುವುದಿಲ್ಲ. ಆದರೆ ಬೇರೆಯವರು ಬರೆದ ಕೋಡನ್ನು ಓದಿ, ಪ್ರತಿ ಸಾಲೂ ಅಲ್ಲಿ ಏಕಿದೆ ಎಂದು ತಿಳಿದು, ಆಮೇಲೆ ಕೈಹಾಕುವ ಶಿಸ್ತನ್ನು ಇದಕ್ಕಿಂತ ಚೆನ್ನಾಗಿ ಕಲಿಸುವ ಪಾಠ ಇನ್ನೊಂದಿಲ್ಲ. ಎಮ್ಯಾಕ್ಸ್‌ನ ಮೂಲ ಕೋಡ್ ಎಲ್ಲರಿಗೂ ತೆರೆದಿದೆ, ಕನ್ನಡ ಟೈಪ್ ಮಾಡುವ ಸೌಲಭ್ಯವೂ ಅದರಲ್ಲೇ ಇದೆ. ಪ್ರೋಗ್ರಾಮಿಂಗ್ ಕಲಿಯುತ್ತಿರುವ ವಿದ್ಯಾರ್ಥಿಗಳು ಒಂದು ಸಣ್ಣ ವಿಸ್ತರಣೆ ಆರಿಸಿಕೊಳ್ಳಲಿ, ಅದರಲ್ಲಿ ಕನ್ನಡ ಹೆಸರಿಟ್ಟು ಒಂದು ಸ್ಕೀಮ್ ಪ್ರೋಗ್ರಾಂ ಬರೆಯಲಿ. ಎಲ್ಲಿ ಎಡವುತ್ತದೆಯೋ ಅಲ್ಲಿಂದಲೇ ರಿಪೇರಿ ಶುರುಮಾಡಲಿ.