ಫೋನಿನ ಗೆರೆ ನೋಡಿ ಬದು ಕೀಳಬೇಡಿ

ಈಗ ಹೊಲದ ಗಡಿ ಜಗಳಕ್ಕೆ ಹೊಸ ಸಾಕ್ಷಿಯೊಂದು ಬಂದಿದೆ, ಮೊಬೈಲು. ದಿಶಾಂಕ್ ಅಂತ ಒಂದು ಆ್ಯಪ್ ಇದೆ. ಕರ್ನಾಟಕ ರಾಜ್ಯ ದೂರಸಂವೇದಿ ಅನ್ವಯಿಕ ಕೇಂದ್ರದವರು ಮಾಡಿದ್ದು, ದುಡ್ಡು ಕೊಡಬೇಕಾಗಿಲ್ಲ. ಹೊಲದಲ್ಲಿ ನಿಂತು ತೆರೆದರೆ ಅದು ಯಾವ ಸರ್ವೆ ನಂಬರು ಅಂತ ತೋರಿಸುತ್ತೆ, ಸುತ್ತ ಗೆರೆಯೂ ಇರುತ್ತೆ. ಜಮೀನು ಕೊಳ್ಳುವವರಿಗೆ ಇದು ಬಲು ಉಪಕಾರಿ. ಗೋಮಾಳವನ್ನೋ ಕೆರೆಯಂಗಳವನ್ನೋ ತೋರಿಸಿ ಟೋಪಿ ಹಾಕುವವರಿಂದ ಪಾರಾಗಬಹುದು. ತೊಂದರೆ ಬರೋದು ಆ ಗೆರೆಯನ್ನೇ ಗಡಿ ಅಂತ ಹಿಡಿದಾಗ.

ಮೊದಲು ಫೋನಿನ ಮಾತು. ಬಟ್ಟಬಯಲಲ್ಲೂ ಸಾಮಾನ್ಯ ಫೋನಿನ ಜಿಪಿಎಸ್ ನಾವು ನಿಂತ ಜಾಗವನ್ನು 5 ಮೀಟರಿನಷ್ಟು, ಅಂದರೆ ಸುಮಾರು 16 ಅಡಿ, ಆಚೀಚೆ ತೋರಿಸಬಹುದು. ಹುಣಸೆ ಮರದ ಕೆಳಗೆ ಇನ್ನೂ ಹೆಚ್ಚು. ಇನ್ನು ಆ ಗೆರೆ. ಅದು ಹಳೆಯ ಗ್ರಾಮ ನಕ್ಷೆಯಿಂದ ಕಂಪ್ಯೂಟರಿಗೆ ಏರಿಸಿದ್ದು. ನಮ್ಮೂರಿನ ನಕ್ಷೆ ಮೈಲಿಗೆ 8 ಇಂಚಿನ ಅಳತೆಯದು. ಕಾಗದದ 1 ಇಂಚು ಹೊಲದಲ್ಲಿ 660 ಅಡಿ. ಗೆರೆ ಅರ್ಧ ಮಿಲಿಮೀಟರು ದಪ್ಪ ಇದ್ದರೆ ನೆಲದ ಮೇಲೆ ಅದೇ 13 ಅಡಿ ಅಗಲ! ನಮ್ಮ ಯಾವ ಬದುವೂ ಅಷ್ಟು ಅಗಲ ಇಲ್ಲ.

ಹದಿನಾರು ಅಡಿ ಏನು ಮಹಾ ಅನ್ನಬೇಡಿ. 660 ಅಡಿ ಉದ್ದದ ಗಡಿ 16 ಅಡಿ ಸರಿದರೆ ಹತ್ತಿರ ಹತ್ತಿರ 10 ಗುಂಟೆ ಹೋಯಿತು. ನಾಲ್ಕು ಎಕರೆ ಖುಷ್ಕಿಯವನಿಗೆ ಅದು ನಾಲ್ಕೈದು ತಿಂಗಳ ಮುದ್ದೆ.

ಹೋದ ಬೇಸಿಗೆಯಲ್ಲಿ ಪಕ್ಕದ ಹೊಲದವರ ಹುಡುಗ ಫೋನು ಹಿಡಿದು ಬಂದ. "ಮಾವ, ಗೆರೆ ನಿಮ್ಮ ಹೊಲದೊಳಗೈತೆ, ಬದು ಕೀಳಾಕೆ ಜೆಸಿಬಿ ಕರೆಸ್ತೀನಿ" ಅಂದ. ಆ ಬದುವಿನ ಮೇಲೆ ನಮ್ಮಪ್ಪ ನೆಟ್ಟ ಎರಡು ಬೇವಿನ ಮರ ಇವೆ. "ಕರೆಸುವಂತೆ, ಮೊದ್ಲು ಬಾಂದು ಕಲ್ಲಿನ ತಾವ ಹೋಗಾನ ಬಾರಪ್ಪ" ಅಂದೆ. ಮೂರು ನಂಬರು ಕೂಡುವ ಆ ಕಲ್ಲಿಗೆ ಊರಲ್ಲಿ ಯಾರದೂ ತಕರಾರಿಲ್ಲ. ಫೋನಿನಲ್ಲಿ ಮಾತ್ರ ಆ ಕೂಡುಜಾಗ ಕಲ್ಲಿನಿಂದ ಎಂಟು ಹೆಜ್ಜೆ ಆಚೆಗಿತ್ತು. ಜೆಸಿಬಿ ಬರಲಿಲ್ಲ. ನಿಮ್ಮಲ್ಲೂ ಯಾರಾದರೂ ಫೋನು ತೋರಿಸಿದರೆ ಎಲ್ಲರೂ ಒಪ್ಪಿದ ಕಲ್ಲಿನ ಮೇಲೆ ಮೊದಲು ಅದನ್ನು ಇಟ್ಟು ನೋಡಿ.

ಗಡಿಗೆ ಆಧಾರ ಸರ್ವೆ ಟಿಪ್ಪಣಿ. ಹಿಂದಿನವರು 33 ಅಡಿಯ ಚೈನು ಎಳೆದು, ಚೈನು–ಆಣೆ ಲೆಕ್ಕದಲ್ಲಿ ಅಂಕಿ ಬರೆದಿಟ್ಟಿದ್ದಾರೆ. ಗೆರೆ ದಪ್ಪ ಆಗಬಹುದು, ಅಂಕಿ ಆಗುವುದಿಲ್ಲ. ತಕರಾರು ಇದ್ದವರು ಹದ್ದುಬಸ್ತಿಗೆ ಅರ್ಜಿ ಹಾಕಿ. ಸರ್ವೆಯವರು ಅಕ್ಕಪಕ್ಕದವರಿಗೂ ನೋಟಿಸು ಕೊಟ್ಟು, ಟಿಪ್ಪಣಿ ನೋಡಿ ಅಳೆಯುತ್ತಾರೆ. ತಿರುಗಾಟ ಇದೆ, ತಡವೂ ಆಗುತ್ತೆ, ಆದರೂ ಕೋರ್ಟಿಗಿಂತ ವಾಸಿ. ಸರ್ವೆಯವರ ಹತ್ತಿರ ರೋವರ್ ಅನ್ನೋ ಯಂತ್ರ ಕಂಡರೆ ಅದನ್ನು ಫೋನಿಗೆ ಹೋಲಿಸಬೇಡಿ. ಅದೂ ಉಪಗ್ರಹದ್ದೇ, ಆದರೆ ನೆಲದ ಮೇಲಿನ ಸ್ಥಿರ ಕೇಂದ್ರದಿಂದ ತಿದ್ದುಪಡಿ ಪಡೆಯುವುದರಿಂದ ವ್ಯತ್ಯಾಸ ಕೆಲವೇ ಸೆಂಟಿಮೀಟರು.

ಅಣ್ಣತಮ್ಮಂದಿರು ಬಾಯಿಮಾತಲ್ಲಿ ಪಾಲಾಗಿ, ಪೋಡಿ ಆಗದೆ ಉಳಿದ ಹೊಲಗಳು ಎಷ್ಟೋ ಇವೆ. ಪಹಣಿಯಲ್ಲಿ ನಾಲ್ಕು ಹೆಸರಿದ್ದರೂ ಒಳಗಿನ ಪಾಲಿನ ಗೆರೆ ನಕ್ಷೆಯಲ್ಲೇ ಇರುವುದಿಲ್ಲ. ಅಂಥ ಕಡೆ ಫೋನು ತೋರಿಸುವುದು ಇಡೀ ನಂಬರಿನ ಸುತ್ತು ಮಾತ್ರ. ನಿಮ್ಮ ಪಾಲು ಎಲ್ಲಿಗೆ ಮುಗಿಯುತ್ತೆ ಅಂತ ತಿಳಿಯಬೇಕಾದರೆ ಪೋಡಿಗೇ ಅರ್ಜಿ ಹಾಕಬೇಕು.