ಹಳೆಯ ರಂಗಗೀತೆಯನ್ನು ಕೇಳುವ ಬಗೆ

ಸುಗ್ಗಿ ಕಳೆದರೆ ಆಲೂರು ಸೀಮೆಯ ಹಳ್ಳಿಗಳಲ್ಲಿ ‘ಕುರುಕ್ಷೇತ್ರ’ ನಾಟಕದ ತಾಲೀಮು. ಹಾರ್ಮೋನಿಯಂ ಹಿಡಿದು ಕೂತ ನನ್ನ ಮುಂದೆ ಹುಡುಗರು ಹಳೆಯ ರಂಗಗೀತೆ ಹಾಕಿದ ಮೊಬೈಲ್ ಇಟ್ಟು, ‘ಮೇಷ್ಟ್ರೇ, ಇದೇ ಥರ ಹಾಡ್ಬೇಕು’ ಅನ್ನುತ್ತಾರೆ. ಮೂರು ಸಂಗತಿ ಗಮನಿಸಿ ಎನ್ನುತ್ತೇನೆ.

ಮೊದಲು ಶ್ರುತಿ. ಹಾಡು ಬಂದು ನಿಲ್ಲುವ ಷಡ್ಜ ಹಾರ್ಮೋನಿಯಂನ ಯಾವ ಮನೆಯದು? ನಮ್ಮ ಬಿಳಿ ಒಂದು ಪಾಶ್ಚಾತ್ಯರ ಸಿ. ಕಪ್ಪು ಒಂದು, ಸಿ ಶಾರ್ಪ್.

ಎರಡನೆಯದು ಲಯ. ಕಂದಪದ್ಯಕ್ಕೆ ತಾಳವಿಲ್ಲ, ಅಲ್ಲಿ ಎಣಿಸಬೇಡಿ. ತಬಲಾ ಸೇರಿದ ಮೇಲೆ 15 ಸೆಕೆಂಡಿನ ಪೆಟ್ಟು ಎಣಿಸಿ ನಾಲ್ಕರಿಂದ ಗುಣಿಸಿದರೆ ನಿಮಿಷದ ವೇಗ ಸಿಕ್ಕಿತು.

ಮೂರನೆಯದು ರಾಗ. ವೀರಕ್ಕೆ ಅಠಾಣ, ಶೋಕಕ್ಕೆ ಮುಖಾರಿ ಒಪ್ಪುತ್ತವೆ. ಪಾಶ್ಚಾತ್ಯರ ದಾರಿ ಬೇರೆ. 1787ರಲ್ಲಿ ಪ್ರಾಗ್‌ನಲ್ಲಿ ಮೊದಲು ಆಡಿದ ಮೊಜಾರ್ಟ್‌ನ ‘ಡಾನ್ ಜೊವಾನ್ನಿ’ ಒಪೆರಾ ಡಿ ಮೈನರ್‌ನಲ್ಲಿ ತೊಡಗುತ್ತದೆ. ಕೊನೆಯಲ್ಲಿ ಕಲ್ಲಿನ ಪ್ರತಿಮೆ ಊಟಕ್ಕೆ ಬಂದಾಗ ಅದೇ ಶ್ರುತಿ ಮರಳಿ ಎದೆ ನಡುಗಿಸುತ್ತದೆ. ಅಲ್ಲಿ ಷಡ್ಜವೇ ಜಾಗ ಬದಲಿಸುತ್ತದೆ. ನಮ್ಮಲ್ಲಿ ಷಡ್ಜ ನಿಂತಲ್ಲೇ ನಿಂತು, ರಾಗ ಬದಲಾಗಿ ಭಾವ ತಿರುಗುತ್ತದೆ.

ಒಂದು ಎಚ್ಚರಿಕೆ. ನಿಮಿಷಕ್ಕೆ 78 ಸುತ್ತಿನ ಹಳೆಯ ತಟ್ಟೆಯ ಒಂದು ಬದಿಗೆ ಹಿಡಿಸುತ್ತಿದ್ದದ್ದು ಸುಮಾರು ಮೂರು ನಿಮಿಷ. ಆಲಾಪವನ್ನು ಮೊಟಕು ಮಾಡಲೇಬೇಕಿತ್ತು. ಪ್ರತಿ ತೆಗೆಯುವಾಗ ತಟ್ಟೆ ಶೇ. 6ರಷ್ಟು ಜೋರಾಗಿ ತಿರುಗಿದ್ದರೆ ಲಯ ಓಡುತ್ತದೆ, ಶ್ರುತಿಯೂ ಅರ್ಧ ಸ್ವರ ಏರುತ್ತದೆ. ಆ ಎತ್ತರಕ್ಕೆ ಕಿರುಚಿ ಗಂಟಲು ಕೆಡಿಸಿಕೊಳ್ಳಬೇಡಿ. ನಿಮ್ಮ ಕಂಠಕ್ಕೊಪ್ಪುವ ಮನೆ ಹಿಡಿಯಿರಿ. ಹಿರಿಯರಿಂದ ರಾಗದ ನಡೆಯನ್ನೂ ಮಾತಿನ ಸ್ಪಷ್ಟತೆಯನ್ನೂ ಕಲಿಯಿರಿ.