ಕಾಂಟ್ರ್ಯಾಕ್ಟ್‌ನವರಿಗೆ ರಜೆ ದುಡ್ಡು ಇಲ್ವಾ? ನಾನೂ ಹಾಗೇ ಅಂದ್ಕೊಂಡಿದ್ದೆ!

“ನೋಡಮ್ಮಾ, ಇಎಲ್ ದುಡ್ಡು ಎಲ್ಲಾ ಕಂಪನಿ ರೋಲ್‌ನಲ್ಲಿ ಇರೋರಿಗೆ. ನೀನು ಕಾಂಟ್ರ್ಯಾಕ್ಟ್. ಇಲ್ಲಿ ಸಹಿ ಹಾಕು, ಸಂಬಳ ತಗೊಂಡು ಹೋಗು.”

2023ರ ಜುಲೈ ಕೊನೆ. ಪೀಣ್ಯದ ಕಾರ್ಖಾನೆಯೊಂದರ ಕ್ವಾಲಿಟಿ ವಿಭಾಗದಲ್ಲಿ ನನ್ನ ಕೊನೆಯ ದಿನ. ಗುತ್ತಿಗೆದಾರರ ಸೂಪರ್‌ವೈಸರ್ ಮುಂದಿಟ್ಟ ಹಾಳೆಯಲ್ಲಿ “ಎಲ್ಲಾ ಬಾಕಿ ಪಡೆದಿದ್ದೇನೆ” ಅಂತ ಮೊದಲೇ ಟೈಪ್ ಆಗಿತ್ತು. ಪೆನ್ ಕೈಯಲ್ಲಿ ಹಿಡಿದವಳು ಹಾಗೇ ನಿಂತೆ. ತಂಗಿಯ ಡಿಗ್ರಿ ಫೀಸು ಕಟ್ಟಲು ಹತ್ತೇ ದಿನ ಉಳಿದಿತ್ತು. ಹೊಸ ಕೆಲಸದ ಮೊದಲ ಸಂಬಳ ಬರೋಕೆ ಇನ್ನೂ ಒಂದು ತಿಂಗಳು. “ನಾಳೆ ಬರ್ತೀನಿ ಸರ್” ಅಂತ ಹೇಳಿ ಹೊರಬಂದೆ.

ರಾತ್ರಿ ತಿಪಟೂರಿನ ದೊಡ್ಡಪ್ಪನಿಗೆ ಫೋನ್ ಮಾಡಿದೆ. ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದವರು. ನಿವೃತ್ತಿಯಾದಾಗ ಬಂದ ಗಳಿಕೆ ರಜೆ ಹಣದಲ್ಲೇ ಮನೆಗೆ ತಾರಸಿ ಹಾಕಿಸಿದವರು. ಅವರು ಕೇಳಿದ್ದು ಒಂದೇ ಪ್ರಶ್ನೆ: “ಎಷ್ಟು ದಿನ ಕೆಲಸ ಮಾಡಿದೀಯ ಅನ್ನೋ ಲೆಕ್ಕ ಇದೆಯೇನೇ?”

ಇತ್ತು! ಪ್ರತಿ ತಿಂಗಳ ಪೇ ಸ್ಲಿಪ್ಪನ್ನು ಫೋನಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳುವ ಅಭ್ಯಾಸ ನನ್ನದು.

ಕಾನೂನು ಏನು ಹೇಳುತ್ತಿತ್ತು?

ಆಗ ಕಾರ್ಖಾನೆಗಳಿಗೆ 1948ರ ಕಾರ್ಖಾನೆಗಳ ಕಾಯ್ದೆ ಅನ್ವಯವಾಗುತ್ತಿತ್ತು. ಅದರಲ್ಲಿ ‘ಕಾರ್ಮಿಕ’ ಎಂದರೆ ಕಂಪನಿ ನೇರವಾಗಿ ತೆಗೆದುಕೊಂಡವರು ಮಾತ್ರವಲ್ಲ, ಗುತ್ತಿಗೆದಾರರ ಮೂಲಕ ಬಂದವರೂ ಸೇರುತ್ತಾರೆ. ಇದನ್ನು ಓದಿದಾಗ ನನಗೆ ನಿಜವಾಗಿಯೂ ಆಶ್ಚರ್ಯವಾಯಿತು.

79ನೇ ಸೆಕ್ಷನ್ ಪ್ರಕಾರ ಒಂದು ಕ್ಯಾಲೆಂಡರ್ ವರ್ಷದಲ್ಲಿ 240 ದಿನ ಕೆಲಸ ಮಾಡಿದವರಿಗೆ, ದುಡಿದ ಪ್ರತಿ 20 ದಿನಕ್ಕೆ ಒಂದು ದಿನದ ಸಂಬಳ ಸಹಿತ ರಜೆ ಮುಂದಿನ ವರ್ಷ ಸಿಗಬೇಕು. ಕೆಲಸ ಬಿಟ್ಟರೆ ಅಥವಾ ತೆಗೆದುಹಾಕಿದರೆ, ಆ ವರ್ಷ 240 ದಿನ ತುಂಬದೇ ಇದ್ದರೂ ಅದೇ ಲೆಕ್ಕದಲ್ಲಿ ರಜೆಯ ಬದಲು ಹಣ ಕೊಡಬೇಕು. ಅದೂ ಎರಡನೇ ಕೆಲಸದ ದಿನ ಮುಗಿಯುವುದರೊಳಗೆ. ಕಾರ್ಮಿಕರು ತೀರಿಕೊಂಡರೆ ಎರಡು ತಿಂಗಳೊಳಗೆ ಅವರ ಮನೆಯವರಿಗೆ ಸಲ್ಲಬೇಕು.

ನನ್ನ ಲೆಕ್ಕ ಹೀಗಿತ್ತು:

2022ರಲ್ಲಿ 286 ದಿನ ಕೆಲಸ, 14 ರಜೆ.
2023ರಲ್ಲಿ ಜುಲೈವರೆಗೆ 164 ದಿನ, 8 ರಜೆ.
ಬಳಸಿಕೊಂಡಿದ್ದು 3. ಉಳಿದದ್ದು 19.
ದಿನಕ್ಕೆ 620 ರೂಪಾಯಿಯಂತೆ 11,780 ರೂಪಾಯಿ.

(ಭಾಗಿಸಿದಾಗ ಉಳಿಯುವುದು ಅರ್ಧ ದಿನ ಅಥವಾ ಹೆಚ್ಚಿದ್ದರೆ ಒಂದು ದಿನ, ಕಡಿಮೆಯಿದ್ದರೆ ಸೊನ್ನೆ.)

“ನಿಂಗೆ ಬ್ರೇಕ್ ಇದೆಯಲ್ಲಮ್ಮಾ”

ಮರುದಿನ ಲೆಕ್ಕ ತೋರಿಸಿದಾಗ ಸೂಪರ್‌ವೈಸರ್ ಹೊಸ ರಾಗ ತೆಗೆದರು. ಡಿಸೆಂಬರ್‌ನಲ್ಲಿ ಎರಡು ದಿನ ಬ್ರೇಕ್ ಕೊಟ್ಟು ಹೊಸ ಕಾಂಟ್ರ್ಯಾಕ್ಟ್ ಮಾಡಿದ್ದಾರಂತೆ, ಹಾಗಾಗಿ ಹಳೇ ರಜೆ ಹೋಯ್ತಂತೆ. “ಸರ್, ಡಿಸೆಂಬರ್‌ನಲ್ಲಿ ನನ್ನ ಕೆಲಸ ಮುಗಿದಿತ್ತು ಅನ್ನೋದಾದ್ರೆ, ಆ ದುಡ್ಡನ್ನು ಆಗಲೇ ಕೊಡಬೇಕಿತ್ತಲ್ವಾ?” ಅಂದೆ. ಅವರು ಉತ್ತರ ಕೊಡಲಿಲ್ಲ, ಟೀ ತರಿಸಿದರು.

ಸಂಬಳ ಪಡೆದೆ ಅಂತಷ್ಟೇ ಬರೆದು ಸಹಿ ಹಾಕಿದೆ. “ರಜೆ ಹಣ ಬಾಕಿ” ಅಂತ ಪಕ್ಕದಲ್ಲೇ ಸೇರಿಸಿದೆ. ಆಮೇಲೆ ಗುತ್ತಿಗೆದಾರರಿಗೆ ಒಂದು ಪುಟದ ಪತ್ರ ಬರೆದು, ಅದರ ಪ್ರತಿಯನ್ನು ಕಾರ್ಖಾನೆಯ ಎಚ್‌ಆರ್‌ಗೂ ಕಳಿಸಿದೆ. ದೊಡ್ಡಪ್ಪ ಒತ್ತಿ ಹೇಳಿದ್ದು ಇದನ್ನೇ. ಏಕೆಂದರೆ 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯಂತೆ ಗುತ್ತಿಗೆದಾರ ವೇತನ ಕೊಡದಿದ್ದರೆ ಅಥವಾ ಕಡಿಮೆ ಕೊಟ್ಟರೆ, ಮೂಲ ಮಾಲೀಕರೇ ಅದನ್ನು ಕೊಟ್ಟು, ನಂತರ ಗುತ್ತಿಗೆದಾರನಿಂದ ವಸೂಲಿ ಮಾಡಿಕೊಳ್ಳಬೇಕು.

ನಾಲ್ಕನೇ ದಿನ ಎಚ್‌ಆರ್‌ನಿಂದ ಫೋನ್ ಬಂತು. 23ನೇ ದಿನ ಹಣ ಖಾತೆಗೆ ಬಂತು. ಅಷ್ಟರಲ್ಲಿ ಫೀಸಿನ ಗಡುವು ಮುಗಿದಿತ್ತು. ಪಿಜಿಯ ಗೆಳತಿ ಸಾಲ ಕೊಡದಿದ್ದರೆ ತಂಗಿಯ ಸೀಟು ಉಳಿಯುತ್ತಿರಲಿಲ್ಲ. ಎರಡು ದಿನ ಅಂತ ಕಾನೂನು ಯಾಕೆ ಹೇಳುತ್ತೆ ಅಂತ ನನಗೆ ಆಗ ಅರ್ಥವಾಯಿತು.

ಈಗ ಏನು ಬದಲಾಗಿದೆ?

2025ರ ನವೆಂಬರ್ 21ರಿಂದ ನಾಲ್ಕು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ರಜೆಯ ವಿಷಯದಲ್ಲಿ ಮುಖ್ಯವಾದವು ಇವು:

• 240 ದಿನದ ಬದಲು 180 ದಿನ ಕೆಲಸ ಮಾಡಿದರೆ ಸಾಕು. 20 ದಿನಕ್ಕೆ ಒಂದು ರಜೆ ಅನ್ನುವುದು ಹಾಗೇ ಇದೆ.
• ಕೆಲಸ ಬಿಡುವವರೆಗೆ ಕಾಯಬೇಕಿಲ್ಲ. ವರ್ಷದ ಕೊನೆಯಲ್ಲಿ ಕೇಳಿದರೆ ಉಳಿದ ರಜೆಗೆ ಹಣ ಕೊಡಬೇಕು.
• ಮುಂದಿನ ವರ್ಷಕ್ಕೆ 30 ರಜೆ ಒಯ್ಯಬಹುದು. ಅರ್ಜಿ ಹಾಕಿದರೂ ಕೊಡದ ರಜೆಗೆ ಈ ಮಿತಿ ಇಲ್ಲ.
• ವೇತನ ಬಾಕಿಗೆ ಮೂರು ವರ್ಷದೊಳಗೆ ಕ್ಲೇಮ್ ಹಾಕಬಹುದು.

ಇದು ‘ಕಾರ್ಮಿಕ’ರಿಗೆ. ತಿಂಗಳಿಗೆ 18,000 ರೂಪಾಯಿಗಿಂತ ಹೆಚ್ಚು ಪಡೆಯುವ ಸೂಪರ್‌ವೈಸರ್‌ಗಳು, ಮ್ಯಾನೇಜರ್‌ಗಳು ಈ ವ್ಯಾಖ್ಯೆಯೊಳಗೆ ಬರುವುದಿಲ್ಲ.

ಸ್ಟಾಫಿಂಗ್ ಏಜೆನ್ಸಿ ಮೂಲಕ ಆಫೀಸಿನಲ್ಲಿ ಕೆಲಸ ಮಾಡ್ತೀರಾ? ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಲ್ಲೂ 20 ದಿನಕ್ಕೆ ಒಂದು ರಜೆ ಇದೆ. ಆದರೆ ನಿಮ್ಮನ್ನು ‘ಕನ್ಸಲ್ಟೆಂಟ್’ ಅಂತ ಕರೆದು, ಪಿಎಫ್ ಇಲ್ಲದೆ, ವೃತ್ತಿ ಶುಲ್ಕ ಅಂತ ಶೇ. 10 ಟಿಡಿಎಸ್ ಹಿಡಿಯುತ್ತಿದ್ದರೆ ದಾರಿ ಕಷ್ಟ. ಆಫರ್ ಲೆಟರ್‌ಗೆ ಸಹಿ ಹಾಕುವ ಮೊದಲೇ ರಜೆಯ ಬಗ್ಗೆ ಕೇಳಿ. ಇನ್ನೊಂದು ಮಾತು: ಕಾನೂನು ಹಣ ಕೊಡಿಸುವುದು ಗಳಿಕೆ ರಜೆಗೆ ಮಾತ್ರ. ಸಿಎಲ್, ಸಿಕ್ ಲೀವ್‌ಗೆ ಕಂಪನಿ ನಿಯಮದಲ್ಲಿದ್ದರಷ್ಟೇ ಉಂಟು.

ತೆರಿಗೆ? ಖಾಸಗಿ ನೌಕರರು ಕೆಲಸ ಬಿಡುವಾಗ ಪಡೆಯುವ ರಜೆ ಹಣಕ್ಕೆ ಇರುವ ವಿನಾಯಿತಿಯ ಗರಿಷ್ಠ ಮಿತಿ 2023ರ ಏಪ್ರಿಲ್‌ನಿಂದ 25 ಲಕ್ಷ ರೂಪಾಯಿ. ಕೆಲಸದಲ್ಲಿದ್ದಾಗಲೇ ಪಡೆದರೆ ಅದು ಸಂಬಳದ ಜತೆ ಸೇರಿ ತೆರಿಗೆಗೆ ಒಳಪಡುತ್ತದೆ.

ಪ್ಯಾಕಿಂಗ್‌ನ ಅಕ್ಕ

ನನ್ನ ದುಡ್ಡು ಬಂದ ವಾರ ಪ್ಯಾಕಿಂಗ್ ವಿಭಾಗದ ಅಕ್ಕ ಒಬ್ಬರು ಫೋನ್ ಮಾಡಿದರು. ಏಳು ವರ್ಷದಿಂದ ಅಲ್ಲೇ ಇದ್ದವರು. ಒಮ್ಮೆಯೂ ಕೇಳಿರಲಿಲ್ಲ. “ಕೇಳಿದ್ರೆ ನಾಳೆಯಿಂದ ಬರಬೇಡ ಅಂತಾರೆ ಕಣಮ್ಮಾ. ನಿಂಗೇನು, ಬಿಟ್ಟು ಹೋದೆ.”

ಅವರ ಮಾತು ಸುಳ್ಳಲ್ಲ. ನನಗೆ ಧೈರ್ಯ ಬಂದದ್ದು ಕೈಯಲ್ಲಿ ಇನ್ನೊಂದು ಕೆಲಸ ಇದ್ದದ್ದರಿಂದಲೇ. ಅದಕ್ಕೆ ಅವರಿಗೆ ಜಗಳ ಮಾಡಿ ಅಂತ ನಾನು ಹೇಳಲಿಲ್ಲ. ಪೇ ಸ್ಲಿಪ್ ಫೋಟೊ ತೆಗೆದಿಡಿ, ಹಾಜರಾತಿಯನ್ನು ಕ್ಯಾಲೆಂಡರ್‌ನಲ್ಲಿ ಗುರುತು ಮಾಡಿ, ಓದದೆ ಸಹಿ ಹಾಕಬೇಡಿ ಅಂದೆ.

ಮೊನ್ನೆ ಸಂಕ್ರಾಂತಿಗೆ ಅವರಿಂದ ವಾಟ್ಸ್‌ಆ್ಯಪ್‌ನಲ್ಲಿ ಒಂದು ಫೋಟೊ ಬಂತು. ಎಳ್ಳು ಬೆಲ್ಲ ಇರಬೇಕು ಅಂತ ತೆರೆದರೆ, ಗೋಡೆಯ ಕ್ಯಾಲೆಂಡರ್! ಡಿಸೆಂಬರ್ ತಿಂಗಳ ಒಂದೊಂದು ದಿನಕ್ಕೂ ಕೆಂಪು ಪೆನ್ನಿನ ಗುರುತು. ಕೆಳಗೆ ಬರೆದಿದ್ದರು: “ವರ್ಷಕ್ಕೆ 291 ಆಯ್ತು. ಪತ್ರ ಹೆಂಗೆ ಬರೀಬೇಕು ಹೇಳು.”